ಪಾಟಿಯ ಮರೆ

ಕಿಟಕಿಯ ಬಿಸಿಲಲ್ಲಿ ಹಲಗೆ ಒರೆಸಿದ ಖಡುವಿನ ಧೂಳು ಏಳುತ್ತಿದೆ, ಹಿಟ್ಟು ಜರಡಿ ಹಿಡಿದ ಹಾಗೆ — ಇಂದುಬಾಯಿ ಸಾಲೆಯ ಸರಳು ಹಿಡಿದು ಹೊರಗೆ ನಿಂತಿದ್ದಾಳೆ, ಮನಿಗೆ ಹೋಗ್ರಿ ಬಾಯಾರ, ಎಷ್ಟೊತ್ತು ನಿಂದರ್ತೀರಿ ಎಂದು ಚನ್ನಬಸಯ್ಯ ಮಾಸ್ತರರು ಎರಡು ಸಲ ಹೇಳಿಯಾಯಿತು, ಹೋಗ್ತೇನ್ರಿ ಎಂದವಳ ಕಾಲು ಏಳುತ್ತಿಲ್ಲ, ಅಗೋ ಎರಡನೆಯ ಸಾಲಿನಲ್ಲಿ ಮಹಾನಂದಾ, ಅರವತ್ತಾರನೇ ಇಸವಿಯಲ್ಲಿ ಹುಟ್ಟಿದ್ದು, ಎಂಟು ತುಂಬಿದ ಮೇಲೆ ಇವತ್ತು ಸಾಲೆಗೆ ಮೊದಲ ದಿನ, ಸೀಳಿದ ಮೇಲ್ತುಟಿಯ ಮಗಳು ಬಾಗೇವಾಡಿಯ ಕಣ್ಣಿಗೆ ಬೀಳಬಾರದೆಂದು ಅಡುಗೆಮನೆಯಲ್ಲೇ ಅಕ್ಷರ ಕಲಿಸಿದವಳು ತಾನೇ, ಒಲೆಯ ಮುಂದೆ ಮಗ್ಗಿ, ಪರಾತದ ಹಿಟ್ಟಿನ ಮೇಲೆ ಒತ್ತಕ್ಷರ, ಭಾಳ ಶಾಣ್ಯಾ ಅದಾಳ್ರಿ, ನೇರ ಮೂರನೇ ವರ್ಗಕ್ಕ ಕುಂದರಸ್ತೇನಿ ಎಂದರಲ್ಲ ಮಾಸ್ತರರು, ಆಗ ಎದೆಯುಬ್ಬಿದ್ದೂ ಸುಳ್ಳಲ್ಲ — ಆದರೆ ಆ ಗೌರಿ ಹುಣ್ಣಿಮೆಗಳು, ಓಣಿಯ ಹುಡುಗಿಯರೆಲ್ಲ ಸಕ್ಕರೆ ಆರತಿ ಹಿಡಿದು ಬಾಗಿಲಿಗೆ ಬಂದು, ಮಹಾನಂದಾನ್ನ ಕಳಸ್ರಿ, ಗುಡಿಗೆ ಹೊಂಟೇವಿ ಎಂದರೆ, ಆಕಿಗೆ ಜ್ವರ ಬಂದಾವವಾ ಎನ್ನುತ್ತಿದ್ದಳು, ಪ್ರತಿ ವರ್ಷವೂ ಅದೇ ಹುಣ್ಣಿಮೆಗೆ ಜ್ವರ, ಕೂಸು ಬಾಗಿಲ ಹಿಂದೆ ತನ್ನ ಹಣೆ ತಾನೇ ಮುಟ್ಟಿ ನೋಡಿಕೊಂಡಿತ್ತು, ಯವ್ವಾ, ತಣ್ಣಗೈತಲ್ಲ — ಥೂ ನನ್ನ ಜನ್ಮಕ್ಕೆ — ನಾಚಿಕಿ ನಿಂದು, ಆಕಿದಲ್ಲ ಎಂದು ಗಂಡ ಶಂಕರೆಪ್ಪ ಹತ್ತು ಸಲ ಅಂದಿದ್ದ, ನಾಚಿಕೆಯಲ್ಲ, ಅಂತಃಕರಣ ಎಂದು ಜಗಳಕ್ಕೆ ಬಿದ್ದಿದ್ದಳು, ಕೊನೆಗೆ ಅವನೇ ಹೋಗಿ ಸಾಲೆಯಲ್ಲಿ ಹೆಸರು ಹಚ್ಚಿ ಬಂದ, ಎಲ್ಲಿಯ ಅಂತಃಕರಣ, ನಾಚಿಕೆಯೇ ಅದು, ಯಾರಾದರೂ ಹೊಸ್ತಿಲು ತುಳಿದರೆ ಪಾಟಿ ಹಿಡಿ ಎನ್ನುತ್ತಿದ್ದಳು, ಅಷ್ಟಂದರೆ ಸಾಕು, ಕೂಸು ಓದುವವರ ಹಾಗೆ ಬಳಪದ ಪಾಟಿ ಎತ್ತಿ ಮೂಗಿನತನಕ ಮುಚ್ಚಿಕೊಳ್ಳುತ್ತಿತ್ತು, ಎಷ್ಟ ಓದತೈತಿ ಎಂದು ಯಂಕಂಚಿಯ ರುಕ್ಮವ್ವತ್ತಿ ಮೆಚ್ಚಿ ಹೋಗಿದ್ದಳು, ಬಂದವರು ಹೋಗಿ, ಇನ್ನ ಇಳಸವಾ ಎಂದು ಅವ್ವ ಹೇಳುವತನಕ ಕೈ ಸೋತರೂ ಇಳಿಸುತ್ತಿರಲಿಲ್ಲ — ಏಳೊಂಬತ್ಲಿ ಎಷ್ಟ, ಬರೆದವರು ಪಾಟಿ ಎತ್ರಿ, ಮಾಸ್ತರರ ದನಿ, ಮೂವತ್ತು ಪಾಟಿ ತಲೆಯ ಮೇಲೆದ್ದವು, ಒಂದು ಮಾತ್ರ ಮುಖಕ್ಕೆ, ಅರವತ್ಮೂರು, ಸರಿಯಾಗಿಯೇ ಬರೆದಿದ್ದಾಳೆ, ಭೇಷ್, ಇಳಸ್ರಿ, ಎಲ್ಲವೂ ಇಳಿದವು, ಮಹಾನಂದಾ, ಇಳಸವಾ ತಂಗಿ, ಇಳಸು, ಪಕ್ಕದ ಹುಡುಗಿ ಪುಸಕ್ಕನೆ ನಗುತ್ತಾಳೆ, ಇನ್ನ ಇಳಸವಾ ಎಂದು ಕೂಗಬೇಕು, ಇಂದುಬಾಯಿ ಸರಳಿಗೆ ಮುಖ ಒತ್ತಿದ್ದಾಳೆ, ಮಗಳ ಕಣ್ಣುಗಳು ಮಾಸ್ತರರನ್ನು ನೋಡುತ್ತಿಲ್ಲ, ಕಿಟಕಿಯನ್ನೇ ನೋಡುತ್ತಿವೆ, ಅವ್ವನಿನ್ನೂ ಹೇಳಿಲ್ಲವಲ್ಲ, ಅರವತ್ಮೂರು, ಪಾಟಿಯ ಮೇಲೆ ಎರಡು ಕಣ್ಣು, ಪಾಟಿ, ಎರಡು ಕಣ್ಣು —