ಮರಳಿನಲ್ಲಿ ಮೂವತ್ತಾರು ನೀಲಿ ಬಿಲ್ಲೆ

ನಾನು ಒಂದು ಸೋಲಾರ್ ಫಲಕ. ಕಾರ್ಖಾನೆ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಗದಗಿನ ಒಂದು ಬಾಡಿಗೆ ಮನೆಯಲ್ಲಿ, ಅಡುಗೆಕೋಣೆಯ ನೆಲದ ಮೇಲೆ, ಮೂರು ಭಾನುವಾರಗಳಲ್ಲಿ ಹುಟ್ಟಿದೆ.

ನನ್ನನ್ನು ಮಾಡಿದವನು ಚನ್ನವೀರ. ಡಿಪ್ಲೊಮಾ ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಬೆಸುಗೆ ಕಲಿಸುತ್ತಿದ್ದ. ಎಲ್ಲಿಂದಲೋ ತರಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿಲನ್ನು ಕರೆಂಟು ಮಾಡುವ ನಲವತ್ತು ನೀಲಿ ಬಿಲ್ಲೆಗಳಿದ್ದವು, ಒಣಗಿದ ಎಲೆಯಷ್ಟು ತೆಳು. ನಾಲ್ಕು ದಾರಿಯಲ್ಲೇ ಒಡೆದಿದ್ದವು. ಉಳಿದ ಮೂವತ್ತಾರನ್ನು ಅವನು ಒಂದಕ್ಕೊಂದು ಸರಪಳಿಯಂತೆ ಬೆಸೆದ. ಹಿಂದೆ ಪ್ಲೈವುಡ್ಡು, ಮುಂದೆ ಕಿಟಕಿಗೆ ಹಾಕುವ ಸಾದಾ ಗಾಜು, ಸುತ್ತ ಅಲ್ಯೂಮಿನಿಯಂ ಚೌಕಟ್ಟು, ಅಂಚಿಗೆ ಅಂಟು. ಹೆಂಡತಿ ದಾಕ್ಷಾಯಣಿ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದಳು. ಅವಳು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಪಿಯು ಕಾಲೇಜಿನಲ್ಲಿ ಪಾಠ ಹೇಳುವವಳು. ಬಿಲ್ಲೆ ಕೈಗೆ ಬಂದರೆ ಉಸಿರು ಬಿಗಿಹಿಡಿಯುತ್ತಿದ್ದಳು.

"ಉಸಿರರ ಬಿಡ, ಇವೇನ್ ಹಾರಿ ಹೋಗಂಗಿಲ್ಲ," ಎಂದ ಚನ್ನವೀರ.

ಅವಳು ಉಸಿರು ಬಿಟ್ಟಳು. ಒಂದು ಬಿಲ್ಲೆಯ ಮೂಲೆ ಮುರಿಯಿತು. ಅವನು ನಕ್ಕು ಅದನ್ನೂ ಕೆಳಗಿನ ಸಾಲಿಗೆ ಸೇರಿಸಿದ.

ಅವನ ತಾಯಿ ನೀಲವ್ವ ರೊಟ್ಟಿ ಬಡಿಯಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತಿದ್ದಳು. "ಅಡಗಿಮನ್ಯಾಗ ಇದೇನ್ ಸಂತಿ ಹಚ್ಚೀದಿ? ಕಿಟಕಿ ಮಾಡಾಕತ್ತಿಯೋ, ಕನ್ನಡಿ ಮಾಡಾಕತ್ತಿಯೋ?"

"ಬಿಸಲ ಹಿಡಿಯೋ ಬೋನ, ಅವ್ವಾ."

ಮೂರನೆಯ ಭಾನುವಾರ ನನ್ನನ್ನು ಮಾಳಿಗೆಗೆ ಒಯ್ದರು. ನಾನು ಮೊದಲ ಬಾರಿ ಸೂರ್ಯನನ್ನು ಕಂಡೆ. ನನ್ನ ಚೌಕಟ್ಟಿಗೆ ಚನ್ನವೀರ ಹಳೆಯ ಚಾರ್ಜರಿನಿಂದ ಕಿತ್ತ, ಕರೆಂಟು ಅಳೆಯುವ ಒಂದು ಮೀಟರು ಕೂರಿಸಿದ್ದ. ಅದರ ಮುಳ್ಳು ನಡುಗಿ ಎದ್ದು ಮೂರು ಆಂಪಿಯರಿನ ಮೇಲೆ ನಿಂತಿತು. ಅವನು ಅಲ್ಲಿ ಕೆಂಪು ಮಸಿಯಿಂದ ಗೆರೆ ಎಳೆದ. "ನೋಡ, ಚಲೋ ಬಿಸಲಿದ್ರ ಮೂರು ಬಂದ ಬರ್ತದ. ಬರಲಿಲ್ಲಂದ್ರ ನನ್ನ ಕೇಳು," ಎಂದು ಹೆಂಡತಿಗೆ ಹೇಳಿದ.

ನನ್ನನ್ನು ಮಾಡಿದ್ದು ಮನೆಗಾಗಿ ಅಲ್ಲ. ರಾಜಸ್ಥಾನದ ಮರಳಿನಲ್ಲಿ ಪ್ರತಿ ಫೆಬ್ರುವರಿ ಐದು ದಿನ ಒಂದು ಉತ್ಸವ ನಡೆಯುತ್ತದೆ. ಹಾಡುವವರು, ಕುಣಿಯುವವರು, ಬರೀ ನೋಡುವವರು ಎಲ್ಲರೂ ಡೇರೆ ಹಾಕಿಕೊಂಡು ಇರಬೇಕು. ಜನರೇಟರು ತರುವಂತಿಲ್ಲ, ಬೇಕಾದ ಕರೆಂಟು ಅವರವರೇ ಮಾಡಿಕೊಳ್ಳಬೇಕು. ಆ ನಿಯಮವೇ ಚನ್ನವೀರನಿಗೆ ಹಿಡಿಸಿದ್ದು. ಮೊದಲ ವರ್ಷ ರಜೆ ಸಿಗಲಿಲ್ಲ. ಮರುವರ್ಷಕ್ಕೆಂದು ಬಹಳ ಮೊದಲೇ ಇಬ್ಬರ ಹೆಸರು ಬರೆಸಿದ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನನ್ನ ಮೊದಲ ಆಯುಧ ಪೂಜೆಯ ದಿನ ನೀಲವ್ವ ಹೊಲಿಗೆ ಯಂತ್ರ, ಬೈಕು, ಇಸ್ತ್ರಿಪೆಟ್ಟಿಗೆಯ ಜೊತೆ ನನಗೂ ಪೂಜೆ ಮಾಡಿದಳು. ಗಾಜಿನ ನಡುವೆ ಮೂರು ಬೆರಳಿನಿಂದ ವಿಭೂತಿಯ ಪಟ್ಟೆ ಎಳೆದಳು. ಚನ್ನವೀರ ಕೈಮುಗಿದು ನಿಂತಿದ್ದ. ತಾಯಿ ಒಳಗೆ ಹೋದದ್ದೇ ತಡ, ಅಂಗಿಯ ತುದಿ ನೆನೆಸಿ ನನ್ನನ್ನು ಒರೆಸಿ ಸ್ವಚ್ಛ ಮಾಡಿದ. ನನ್ನ ಬಿಲ್ಲೆಗಳು ಸರಪಳಿ. ಒಂದರ ಬೆಳಕು ಕಟ್ಟಿದರೆ ಮೂವತ್ತಾರರ ದಾರಿಯೂ ಕಟ್ಟುತ್ತದೆ. ಅದು ಅವನಿಗೆ ಗೊತ್ತಿತ್ತು. ತಾಯಿಯ ಮನಸ್ಸು ನೋಯಬಾರದೆಂದು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಮರುವರ್ಷದ ಜುಲೈಯಲ್ಲಿ ಅವನು ಸತ್ತ. ಅಣ್ಣಿಗೇರಿ ರಸ್ತೆಯಲ್ಲಿ ಬೈಕು ಜಾರಿತು ಎಂದು ಬಂದವರು ಮಾತಾಡಿಕೊಂಡರು. ಮಳೆ ಬರುತ್ತದೆಂದು ಅವನೇ ನನ್ನನ್ನು ಒಳಗೆ ತಂದು ಮುಖ ಗೋಡೆಗೆ ಮಾಡಿ ಒರಗಿಸಿದ್ದ. ಹಾಗಾಗಿ ನಾನು ಏನನ್ನೂ ನೋಡಲಿಲ್ಲ. ತುಂಬ ಕಾಲುಗಳ ಸದ್ದು ಕೇಳಿದೆ. ಮರುವಾರ ಕಡಿಮೆಯಾಯಿತು. ಆಮೇಲೆ ಎರಡು ಜೊತೆ ಕಾಲು ಉಳಿದವು. ಬೆಳಕಿಲ್ಲದೆ ನಾನು ಬರೀ ಗಾಜು. ಮೂರು ತಿಂಗಳು ಹಾಗೇ ಇದ್ದೆ.

ದಾಕ್ಷಾಯಣಿ ಕಾಲೇಜಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಅಳುವ ಸದ್ದು ನಾನು ಕೇಳಲಿಲ್ಲ. "ಅತ್ತು ಬಿಡ ಯವ್ವಾ, ಎದಿ ಹಗರ ಆಗ್ತದ," ಎಂದು ನೀಲವ್ವ ಒಮ್ಮೆ ಹೇಳಿದಳು. "ಬರವಲ್ದರೀ ಅತ್ತಿ," ಎಂದಳು ಅವಳು, ಬಸ್ಸು ಬಂದಿಲ್ಲ ಎನ್ನುವ ಹಾಗೆ.

ಆ ವರ್ಷದ ಆಯುಧ ಪೂಜೆಗೆ ಬೈಕು ಇರಲಿಲ್ಲ. ನೀಲವ್ವ ನನ್ನನ್ನು ತಿರುಗಿಸಿ ಮುಖ ನೋಡಿದಳು. ಬೇಗ ಉದುರಬಾರದೆಂದು ವಿಭೂತಿಯನ್ನು ಗಂಧದಲ್ಲಿ ಗಟ್ಟಿಯಾಗಿ ಕಲಸಿದಳು. ಅಂಗೈ ಅಗಲದ ಮೂರು ಪಟ್ಟೆ, ನಡುವೆ ರೂಪಾಯಿ ಅಗಲದ ಕುಂಕುಮ. ಮಗನಿಗೆ ಹಚ್ಚುವ ಹಾಗೆ ಹಚ್ಚಿದಳು. ಅದು ಒಣಗಿ ಕಲ್ಲಾಯಿತು. ಒರೆಸುವವರು ಇರಲಿಲ್ಲ.

ಜನವರಿಯಲ್ಲಿ ಉತ್ಸವದ ಎರಡು ಪಾಸು ಅಂಚೆಯಲ್ಲಿ ಬಂದವು. ದಾಕ್ಷಾಯಣಿ ಅವನ್ನು ಮೇಜಿನ ಮೇಲಿಟ್ಟು ನಾಲ್ಕು ದಿನ ನೋಡಿದಳು. "ನಾ ಹೋಗಿ ಬರ್ತೀನ್ರಿ," ಎಂದಳು.

"ಇನ್ನೊಂದು ನನಗ ಕೊಡು."

"ಅಲ್ಲಿ ಧೂಳ ಭಾಳ ಇರ್ತದ, ಅತ್ತಿ. ನಿಮಗ ದಮ್ಮು."

"ಆವಿ ಡಬ್ಬಿ ತಗೊಂಡ್ ಬರ್ತೀನಿ. ನನ್ನ ಮಗ ಹೋಗಬೇಕಂದ ಊರು ನಾನೂ ನೋಡಬೇಕು."

ಆವಿ ಡಬ್ಬಿ ಎಂದರೆ ನೆಬ್ಯುಲೈಜರ್. ಔಷಧಿಯನ್ನು ಮಂಜು ಮಾಡಿ ಮೂಗಿಗೆ ಕೊಡುವ ಪುಟ್ಟ ಯಂತ್ರ. ಬ್ಯಾಟರಿಯ ಮೇಲೂ ನಡೆಯುವ ಹಾಗೆ ಅದಕ್ಕೆ ವೈರು ಕೂಡಿಸಿಕೊಟ್ಟವನು ಚನ್ನವೀರನೇ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಅದು ಗುಂಯ್‌ಗುಟ್ಟಬೇಕು. ಮರಳುಗಾಡಿನಲ್ಲಿ ಆ ಬ್ಯಾಟರಿ ತುಂಬಲು ನಾನೇ ದಿಕ್ಕು.

ಕೌದಿಯಲ್ಲಿ ಸುತ್ತಿ ನನ್ನನ್ನು ರೈಲಿನಲ್ಲಿ ನಿಲ್ಲಿಸಿದರು. ಟಿಕೆಟ್ ಪರೀಕ್ಷಕ ಹಿಂದಿಯಲ್ಲಿ ಗದರಿಸಿ ಬಿಚ್ಚಲು ಹೇಳಿದ. ನೀಲವ್ವ ಕೌದಿಯ ಅಂಚು ಸ್ವಲ್ಪವೇ ಸರಿಸಿದಳು. "ದೇವರ ಫೋಟೋ ಐತೊ ತಮ್ಮಾ." ಅವನಿಗೆ ಕಂಡದ್ದು ವಿಭೂತಿ, ಕುಂಕುಮ. ಕೈಮುಗಿದು ಮುಂದೆ ಹೋದ. ದಾಕ್ಷಾಯಣಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ತುಟಿ ನಗುವಿಗೆ ಒಂದಿಷ್ಟು ಅಲುಗಿದ್ದು ಏಳು ತಿಂಗಳಲ್ಲಿ ಅದೇ ಮೊದಲು.

ಮರಳು ಕಂಡಾಗ ನನಗೆ ನಾನು ಹುಟ್ಟಿದ್ದು ಇಲ್ಲಿಗೇ ಎನ್ನಿಸಿತು. ಒಂದು ಮರದ ನೆರಳೂ ಇಲ್ಲ. ಸಾಲುಸಾಲು ಡೇರೆ, ಅಷ್ಟೇ ಸಾಲು ಮಡಚುವ ಹೊಳೆಯುವ ಫಲಕಗಳು. ನನ್ನಂಥದು ಇನ್ನೊಂದಿಲ್ಲ. ಪಕ್ಕದ ಡೇರೆಯಲ್ಲಿ ಮಂಗಳೂರಿನ ಫೋಟೋಗ್ರಾಫರ್ ಲ್ಯಾನ್ಸಿ ಇದ್ದ. ಕನ್ನಡ ಕಿವಿಗೆ ಬಿದ್ದದ್ದೇ ಓಡಿ ಬಂದ.

"ಎಂತ ಮಾರಾಯ್ರೆ, ಮನೆಯ ಕಿಟಕಿ ಕಿತ್ಕೊಂಡು ಬಂದಿದ್ದೀರಾ?"

"ಹೌದೋ ತಮ್ಮಾ, ಕಳ್ಳರ ಕಾಟ," ಎಂದಳು ನೀಲವ್ವ. "ಬಾ, ರೊಟ್ಟಿ ತಿನ್ನು."

ಎರಡು ದಿನದಲ್ಲಿ ಆ ಸಾಲಿನವರೆಲ್ಲ ನೀಲವ್ವನ ಒಲೆಯ ಸುತ್ತ ಬಂದು ಕೂರತೊಡಗಿದರು. ದಾಕ್ಷಾಯಣಿ ಮಾತ್ರ ನನ್ನ ಬಳಿ ಕೂತಿರುತ್ತಿದ್ದಳು. ದೂರದಲ್ಲಿ ಸಾವಿರ ಜನ ಡೋಲಿಗೆ ಕುಣಿಯುತ್ತಿದ್ದರೆ ಅವಳ ಕಣ್ಣು ಮುಳ್ಳಿನ ಮೇಲೆ. ಇಂಥ ಬಿಸಿಲಿನಲ್ಲೂ ಅದು ಅರ್ಧ ಆಂಪಿಯರ್ ದಾಟಲಿಲ್ಲ. ನನ್ನನ್ನು ಪೂರ್ವಕ್ಕೆ ತಿರುಗಿಸಿದಳು, ಪಶ್ಚಿಮಕ್ಕೆ ತಿರುಗಿಸಿದಳು, ಕೆಳಗೆ ಇಟ್ಟಿಗೆ ಕೊಟ್ಟಳು, ವೈರು ಬಿಗಿಮಾಡಿದಳು. ಪಟ್ಟೆಯನ್ನು ದಿನವೂ ನೋಡುತ್ತಿದ್ದಳು. ಹಣೆಯ ಮೇಲಿನ ವಿಭೂತಿಯನ್ನು ಯಾರು ತಡೆ ಎಂದುಕೊಳ್ಳುತ್ತಾರೆ?

ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ. ನಮ್ಮಂಥ ವಸ್ತುಗಳ ಒಂಟಿತನ ಇದೇ.

ಬ್ಯಾಟರಿ ದಿನದಿನಕ್ಕೆ ಇಳಿಯಿತು. ಎರಡನೆಯ ಸಂಜೆ ಆವಿ ಡಬ್ಬಿ ಆರನೆಯ ನಿಮಿಷಕ್ಕೆ ಸೊರಗಿತು. ಲ್ಯಾನ್ಸಿಯ ಫಲಕ, ಆ ಸಾಲಿನ ಉಳಿದವರ ಫಲಕಗಳು ಫೋನಿಗಷ್ಟೇ ಆಗುವಂಥವು. ವೈದ್ಯರ ಡೇರೆ ಒಂದೂವರೆ ಮೈಲಿ ಆಚೆ. ಅಲ್ಲಿನ ವೈದ್ಯೆ, ತನ್ನ ಬಳಿ ಇಂಥ ಡಬ್ಬಿಯಿಲ್ಲ, ಉಸಿರು ಹೀಗೇ ಬಿಗಿದರೆ ಪಟ್ಟಣಕ್ಕೆ ಒಯ್ಯಬೇಕು, ಜೀಪಿಗೆ ಮೂರು ತಾಸಿನ ದಾರಿ ಎಂದಿದ್ದಳು.

ಮೂರನೆಯ ಮಧ್ಯಾಹ್ನ ದಾಕ್ಷಾಯಣಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನನ್ನನ್ನಲ್ಲ, ನನ್ನ ಹಿಂದಿರುವ ಯಾರನ್ನೋ ನೋಡುವ ಹಾಗೆ ನೋಡಿದಳು. "ಮೂರು ಬಂದ ಬರ್ತದ ಅಂದಿದ್ದಿ. ಬರಲಿಲ್ಲಂದ್ರ ನನ್ನ ಕೇಳು ಅಂದಿದ್ದಿ. ಎಲ್ಲಿ ಕೇಳ್ಲಿ?" ದನಿ ಏರಲಿಲ್ಲ. "ಬರೇ ಸುಳ್ಳ ಹೇಳಿ ಹೋದಿ."

ಆಗ ಗಾಳಿ ಎದ್ದಿತು. ಡೋಲು ನಿಂತಿತು. ಹಳದಿ ಗೋಡೆಯಂತೆ ಮರಳು ಬಂದು ಡೇರೆಗಳನ್ನು ಅಲುಗಾಡಿಸಿತು. ಅರ್ಧ ತಾಸು ನನಗೆ ಸೂರ್ಯನೇ ಇರಲಿಲ್ಲ. ಗಾಳಿ ನಿಂತಾಗ ಒಳಗಿನಿಂದ ನೀಲವ್ವನ ಉಸಿರು ಕೇಳಿಸಿತು, ಸೀಳಿದ ಕೊಳಲಿನ ಹಾಗೆ. ದಾಕ್ಷಾಯಣಿ ಡಬ್ಬಿ ಹಚ್ಚಿದಳು. ಅದು ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಬಾಯಿಗೆ ಹೊಡೆದುಕೊಳ್ಳುವ ಪಂಪು ಆಗಲೇ ಎರಡು ಸಲ ಆಗಿತ್ತು. ಲ್ಯಾನ್ಸಿ ಜೀಪಿಗೆಂದು ಮರಳಿನಲ್ಲಿ ಓಡಿದ.

ದಾಕ್ಷಾಯಣಿ ಹೊರಗೆ ಬಂದು ಬರಿಗೈಯಿಂದ ನನ್ನ ಮೇಲಿನ ಮರಳು ತಳ್ಳಿದಳು. ಬಿಸಿಲು ಮತ್ತೆ ಬಿದ್ದಿತ್ತು. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಅವಳ ಕೈ ಒಂದು ಮೂಲೆಯ ಬಿಲ್ಲೆಯ ಮೇಲಿತ್ತು. ಮುಳ್ಳು ಕೆಳಗೆ ಬಿತ್ತು. ಕೈ ತೆಗೆದಳು, ಎದ್ದಿತು. ಮತ್ತೆ ಇಟ್ಟಳು, ಬಿತ್ತು. ಒಂದೇ ಅಂಗೈ. ಒಂದೇ ಬಿಲ್ಲೆಗೆ ನೆರಳು, ಇಡೀ ಸರಪಳಿಗೆ ತಡೆ. ಅವಳು ತನ್ನ ಅಂಗೈ ನೋಡಿದಳು, ಆಮೇಲೆ ಅಂಗೈ ಅಗಲದ ಆ ಬಿಳಿ ಪಟ್ಟೆಗಳನ್ನು ನೋಡಿದಳು.

ಉಗುರಿನಿಂದ ಕೆರೆದಳು. ಕಲ್ಲಿನಂಥ ಗಂಧ ಪುಡಿಪುಡಿ ಬಂತೇ ಹೊರತು ಬಿಡಲಿಲ್ಲ.

ನೀಲವ್ವ ಡೇರೆಯ ಬಾಗಿಲಲ್ಲಿ ಕೈಯೂರಿ ಕೂತು ಎಲ್ಲ ನೋಡುತ್ತಿದ್ದಳು. "ಏನ್... ಮಾಡಾಕತ್ತಿ? ಪೂಜಿ ಮಾಡಿದ್ದು ಅದು."

"ಅತ್ತಿ, ಇದು ಬೆಳಕ ತಡದೈತ್ರಿ. ಇದರಿಂದನ ಕರೆಂಟ್ ಬರವಲ್ದು."

ನೀಲವ್ವ ಪಟ್ಟೆಗಳನ್ನು ನೋಡಿದಳು. "ನಾ ಹಚ್ಚಿದ್ದು," ಎಂದಳು. "ನಾನ ತೊಳೀತೀನಿ." ಮಣ್ಣಿನ ಬಿಂದಿಗೆಯನ್ನು ಎಳೆದುಕೊಂಡು ಮೊಣಕಾಲ ಮೇಲೆ ಬಂದಳು.

"ಬ್ಯಾಡ್ರಿ, ಗಾಜು ಕಾದೈತಿ! ಬಟ್ಟಿ ಹಸಿ ಮಾಡಿ..."

ಅಷ್ಟರಲ್ಲಿ ತಣ್ಣೀರು ನನ್ನ ಮೇಲೆ ಬಿದ್ದಿತ್ತು. ಮಗುವಿನ ತಲೆಗೆ ಹುಯ್ಯುವ ಹಾಗೆ, ಒಂದೇ ಧಾರೆ. ಟಣ್ ಎಂದು ನನ್ನ ಗಾಜು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಸೀಳಿತು.

ಮೊದಲು ಅಲುಗಿದ್ದು ನೀಲವ್ವನ ಕೈ. ಸೆರಗಿನಿಂದ ಉಜ್ಜತೊಡಗಿದಳು, ಬಿರುಕಿನ ಮೇಲೆ, ಬೆರಳು ಸೀಳಿದರೂ ಬಿಡದೆ. ದಾಕ್ಷಾಯಣಿಯೂ ಸೇರಿದಳು. ಬಿಳಿ ಹೋಯಿತು. ಕೆಂಪು ಹೋಯಿತು. ಮೀಟರಿನಲ್ಲಿ ಒಂದು, ಎರಡು. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿ ನಿಂತಿತು.

ಡೇರೆಯೊಳಗೆ ಡಬ್ಬಿ ತಾನಾಗಿ ಗುಂಯ್‌ಗುಟ್ಟಿತು.

ದಾಕ್ಷಾಯಣಿ ಅತ್ತೆಯನ್ನು ಡೇರೆಯ ಬಾಗಿಲಲ್ಲಿ ಕೂರಿಸಿ ಹತ್ತು ನಿಮಿಷ ಮುಖಕವಚ ಹಿಡಿದಳು. ನೀಲವ್ವನ ಮುಖದ ಸುತ್ತ ಮಂಜು. ಉಸಿರಿನ ಸೀಟಿ ಮೆಲ್ಲಗೆ ತಗ್ಗಿತು. ಲ್ಯಾನ್ಸಿ ಜೀಪಿನೊಂದಿಗೆ ಬಂದಾಗ ಅವಳು ಮುಖಕವಚ ಸರಿಸಿ, "ಇಷ್ಟ ದೌಡ ಬಂದ್ಯಾ? ರೊಟ್ಟಿ ಮಾಡಿಲ್ಲಿನ್ನ," ಎಂದಳು. ಅವನು ಮರಳ ಮೇಲೆ ಕುಸಿದು ಕೂತ.

ಆಮೇಲೆ ಅವಳು ನನ್ನ ಕಡೆ ನೋಡಿದಳು. "ಒಡದ ಬಿಟ್ಟೆನಲ್ಲ ದಾಕ್ಷಿ. ಅವನ ಕೈಲೆ ಮಾಡಿದ್ದು ಇದೊಂದ ಉಳದಿತ್ತು."

ದಾಕ್ಷಾಯಣಿ ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಮಾತಲ್ಲ. ನನ್ನ ಚೌಕಟ್ಟು ಹಿಡಿದುಕೊಂಡೇ ಅತ್ತಳು. ಆ ಅಳು ತುಂಬ ಹೊತ್ತು ಇತ್ತು. ದೂರದಲ್ಲಿ ಡೋಲು ಮತ್ತೆ ಸುರುವಾಗಿತ್ತು, ಯಾರಿಗೂ ಕೇಳಿಸಿರಲಿಕ್ಕಿಲ್ಲ. ನೀಲವ್ವ ರಕ್ತ ಬರುತ್ತಿದ್ದ ಬೆರಳನ್ನು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈ ಸೊಸೆಯ ಬೆನ್ನ ಮೇಲೆ ಇಟ್ಟಿದ್ದಳು.

ಊರಿಗೆ ಬಂದ ಮೇಲೆ ಗಾಜಿನ ಅಂಗಡಿಯವನು ನನ್ನನ್ನು ತಿರುಗಿಸಿ ನೋಡಿದ. ಗಾಜು ತೆಗೆಯಹೋದರೆ ಬಿಲ್ಲೆಗಳೂ ಕಿತ್ತು ಬರುತ್ತವೆ, ಹೀಗೇ ಬಿಸಿಲಿಗಿಟ್ಟರೆ ಒಂದೆರಡು ಮಳೆಗಾಲ ಬಂದೀತು, ಒಳಗಿಟ್ಟರೆ ನೂರು ವರ್ಷ ಹೀಗೇ ಇರುತ್ತದೆ ಎಂದ.

"ಒಳಗ ಇಡು," ಎಂದಳು ನೀಲವ್ವ. "ದೇವರ ಕ್ವಾಣ್ಯಾಗ. ನೂರು ವರ್ಷ ಇರ್ಲಿ."

ದಾಕ್ಷಾಯಣಿ ಬಿರುಕಿನ ಉದ್ದಕ್ಕೂ ಬೆರಳು ಆಡಿಸಿದಳು. "ಬ್ಯಾಡ್ರಿ, ಅತ್ತಿ. ಕೆಲಸ ಮಾಡ್ಲಿ. ಎಷ್ಟ್ ದಿನ ಆಗ್ತದೋ ಅಷ್ಟ್ ದಿನ."

ಬಿರುಕಿಗೆ ಅಂಟುಪಟ್ಟಿ ಹಚ್ಚಿ ನನ್ನನ್ನು ಮಾಳಿಗೆಯ ಮೇಲೆ ನಿಲ್ಲಿಸಿದಳು. ನಾನು ನಾಲ್ಕು ಮಳೆಗಾಲ ಬದುಕಿದೆ. ನನ್ನ ಬೆಳಕಿನಲ್ಲಿ ಅವಳು ಉತ್ತರಪತ್ರಿಕೆ ತಿದ್ದಿದಳು. ಕರೆಂಟು ಹೋದ ಎಷ್ಟೋ ದಿನ ಆವಿ ಡಬ್ಬಿ ನಡೆಯಿತು. ಬಿರುಕಿನಿಂದ ತೇವ ಇಳಿಯಿತು. ಬೆಸುಗೆಗಳು ಹಸಿರುಗಟ್ಟಿದವು. ಐದನೆಯ ವರ್ಷ ಒಂದು ಬೆಳಗ್ಗೆ ಮುಳ್ಳು ಏಳಲಿಲ್ಲ. ಅವಳು ಒಣಬಟ್ಟೆಯಿಂದ ನನ್ನನ್ನು ಒರೆಸಿದಳು, ವೈರು ಬಿಚ್ಚಿದಳು, ತಾನೇ ಹೊತ್ತು ಕೆಳಗಿಳಿಸಿದಳು.

ಈಗ ನಾನು ಮೆಟ್ಟಿಲ ಕೆಳಗಿನ ಮೂಲೆಯಲ್ಲಿದ್ದೇನೆ, ಮುಖ ಹೊರಗೆ ಮಾಡಿ. ಗೋಡೆಗೆ ಅಲ್ಲ. ಅಷ್ಟು ನೆನಪಿಟ್ಟು ಇಟ್ಟಿದ್ದಾಳೆ. ಮಧ್ಯಾಹ್ನ ಮೂರಕ್ಕೆ ಬಾಗಿಲ ಸಂದಿಯಿಂದ ಒಂದು ಬಿಸಿಲಿನ ತುಂಡು ಬಂದು ನನ್ನ ಮೇಲೆ ಸ್ವಲ್ಪ ಹೊತ್ತು ಕೂರುತ್ತದೆ. ಸರಪಳಿ ಹರಿದಿದೆ, ಆದರೆ ಬಿಲ್ಲೆಗಳಲ್ಲಿ ಕೆಲವು ಸತ್ತಿಲ್ಲ. ಬೆಳಕು ಬಿದ್ದರೆ ಅವುಗಳಲ್ಲಿ ಕಸುವು ಹುಟ್ಟುತ್ತದೆ. ಹೊರಗೆ ಹೋಗಲು ವೈರಿಲ್ಲ. ಹುಟ್ಟಿದ್ದು ಅಂಚಿನವರೆಗೆ ಬಂದು ಅಲ್ಲೇ ನಿಂತಿರುತ್ತದೆ, ಬಿಸಿಲು ಸರಿಯುವವರೆಗೆ.

ಇದನ್ನು ವ್ಯರ್ಥ ಎನ್ನಬೇಕೇ, ನನಗೆ ತಿಳಿಯದು. ಮೇಲೆ ನೀಲವ್ವ ಯಾರಿಗೋ ಬೈಯುತ್ತಿದ್ದಾಳೆ. ಬೈಯಲು ಅವಳಿಗೆ ಉಸಿರಿದೆ.