ಬೀದಿ ಕಡೆಯ ಹಗ್ಗ

ಮುಳುಗಕ್ಕನಿಗೆ ಸಾಕಾಗಿಹೋಗಿತ್ತು. ಸಮುದ್ರ ಸಾಕಾಗಿರಲಿಲ್ಲ, ಬಾಯಾರಿಕೆ ಸಾಕಾಗಿತ್ತು. ಬಂದವರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕೈ ಹಿಡಿದು ತಳಕ್ಕೆ ಕರೆದೊಯ್ದು, ಮೀನು ತೋರಿಸಿ ಜೋಪಾನವಾಗಿ ಮೇಲೆ ತರುವುದು ಅವಳ ಕೆಲಸ. ಮುಳುಗುವುದೇ ಕಸುಬಾದವಳಿಗೆ ದೋಣಿಯವನು ಇಟ್ಟ ಹೆಸರು ಅದು. ಇಡೀ ದಿನ ನೀರಿನಲ್ಲಿರುವ ಈ ಹೆಂಗಸು ಹಿಂದಿನ ಸಂಜೆಯಿಂದಲೇ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಕಾರಣ ಹೇಳಿಕೊಳ್ಳುವಂಥದ್ದಲ್ಲ. ಆಳಕ್ಕೆ ಇಳಿದರೆ ಸಾಕು, ಚಳಿಗೋ ಒತ್ತಡಕ್ಕೋ ಎಂಥವರಿಗೂ ಒಂದಕ್ಕೆ ಬರುತ್ತದೆ. ಮೈಗಂಟಿದ ರಬ್ಬರಿನ ವೆಟ್‌ಸೂಟನ್ನು ತಳದಲ್ಲಿ ಬಿಚ್ಚುವುದೆಲ್ಲಿ? ಎಲ್ಲರೂ ಸೂಟಿನೊಳಗೇ ಬಿಡುತ್ತಾರೆ. ಬಿಟ್ಟಿಲ್ಲವೆಂದು ಆಣೆ ಇಡುವವರು ಎಲ್ಲರಿಗಿಂತ ಮೊದಲು ಬಿಟ್ಟಿರುತ್ತಾರೆ. "ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಕ್ಕ, ಸಮುದ್ರಕ್ಕೆ ಗೊತ್ತೂ ಆಗಲ್ಲ" ಎಂದು ದೋಣಿಯವನು ನಗುತ್ತಿದ್ದ. ಸಮುದ್ರಕ್ಕೆ ಗೊತ್ತಾಗುವುದಿಲ್ಲ, ನಿಜ. ಅಮ್ಮನಿಗೆ ಗೊತ್ತಾಗುತ್ತದೆ.

ಡೈವಿಂಗ್ ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಸೂಟುಗಳನ್ನು ಒಗೆಯುವವಳು ಅವಳ ಅಮ್ಮ. ಪ್ರತಿ ಸೂಟಿನ ಒಳಮೈ ಹೊರಗೆ ಮಾಡಿ, ಮೂಗಿಗೆ ಹಿಡಿದು, "ಇವನು ಕಾಫಿ ಗಿರಾಕಿ", "ಇವಳು ಹೆದರಿದ್ಲು ಪಾಪ" ಎಂದು ತೀರ್ಪು ಕೊಡದೆ ನೀರಿಗೆ ಹಾಕಿದವಳಲ್ಲ. ಮಗಳ ಸೂಟು ಬಂದಾಗ ಮಾತ್ರ ಅವಳ ಎದೆ ಉಬ್ಬುತ್ತಿತ್ತು. "ನೋಡಿ, ನನ್ನ ಮಗಳದ್ದು ಬರೀ ಉಪ್ಪಿನ ವಾಸನೆ." ಕೇಳಲು ಯಾರೂ ಇಲ್ಲದಿದ್ದರೆ ಬೆಕ್ಕಿಗಾದರೂ ಹೇಳುತ್ತಿದ್ದಳು.

ಆ ಹೆಮ್ಮೆಗೆ ಹಳೆಯ ಬೇರಿತ್ತು. ಮಗಳು ಎರಡನೇ ಕ್ಲಾಸಿಗೆ ಬಂದರೂ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಬೈದು, ಬಡಿದು ಸೋತ ಅಮ್ಮ ಒಂದು ಬೆಳಿಗ್ಗೆ ಚಾದರವನ್ನು ಒಗೆಯದೆ ಹಾಗೇ ತಂದು ಬೀದಿ ಕಡೆಯ ಹಗ್ಗಕ್ಕೆ ಹಾಕಿದಳು. ಶಾಲೆಗೆ ಹೊರಟ ಮಕ್ಕಳೆಲ್ಲ ನಿಂತು ನೋಡಿದರು. ಅಂದಿನಿಂದ ಹಾಸಿಗೆ ಒದ್ದೆಯಾಗಲಿಲ್ಲ. ಮದ್ದು ನಾಟಿತು ಎಂದು ಅಮ್ಮ ತಿಳಿದಳು. ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ ಎಂಬುದು ಅವಳ ತಲೆಗೆ ಆಗ ಹೊಳೆಯಲೇ ಇಲ್ಲ.

ಮೈ ಎಷ್ಟು ದಿನ ತಡೆದೀತು? ತಲೆನೋವು, ಕಾಲುಸೆಳೆತ, ಮೂತ್ರಪಿಂಡದಲ್ಲಿ ಮತ್ತೆ ಮತ್ತೆ ಕಲ್ಲು. ಕಳೆದ ವಾರ ಡಾಕ್ಟರು ಮುಖ ಗಂಟು ಹಾಕಿಕೊಂಡು, "ನೀರು ಕುಡಿದು ಇಳೀರಿ, ಇಲ್ಲಾಂದ್ರೆ ಇಳೀಲೇಬೇಡಿ. ಒಣಗಿದ ಮೈಯಲ್ಲಿ ಆಳಕ್ಕೆ ಹೋದ್ರೆ ಒಂದಿನ ಜೀವಕ್ಕೇ ಬರುತ್ತೆ. ಇನ್ನೊಂದು ಸಲ ಕಲ್ಲಾದ್ರೆ ನಾನಂತೂ ಇಳಿಯೋಕೆ ಬಿಡಲ್ಲ" ಎಂದಿದ್ದರು. ಸಮುದ್ರ ಬಿಟ್ಟರೆ ಅವಳಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ದಿನ ದೋಣಿಯಲ್ಲಿ ಕೂತು ಒಂದು ಬಾಟಲಿ ನೀರನ್ನು ಕಷಾಯದ ಹಾಗೆ ಕಣ್ಣು ಮುಚ್ಚಿ ಕುಡಿದಳು.

"ಏನ್ ಮುಳುಗಕ್ಕ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದ ದೋಣಿಯವನು.

"ನೀನು ದೋಣಿ ನೋಡ್ಕೋ."

ಅಂದು ಇಳಿಯಲು ಬಂದವರು ಒಬ್ಬರೇ, ರಿಟೈರಾದ ಮೇಷ್ಟ್ರು. ತಳ ಮುಟ್ಟಿದ ಸ್ವಲ್ಪ ಹೊತ್ತಿಗೆ ಅವಳ ಕಿಬ್ಬೊಟ್ಟೆ ಬಿಗಿಯಿತು. ಬಿಟ್ಟುಬಿಡು, ಎಂದು ತನಗೆ ತಾನೇ ಹೇಳಿಕೊಂಡಳು. ಆಗಲಿಲ್ಲ. ಮೀನಿನ ಹೊರತು ನೋಡುವವರಿಲ್ಲದ ಕಡೆಯಲ್ಲೂ ಹಗ್ಗದ ಮೇಲೆ ಆ ಚಾದರ ಅಲ್ಲಾಡುವುದು ಕಣ್ಣಿಗೆ ಕಟ್ಟಿತು. ಮೈ ಬೀಗ ಹಾಕಿಕೊಂಡಿತು. ನೋವಿಗಿಂತ ದಣಿವಿಗೇ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಮೇಷ್ಟ್ರು ತೋಳು ತಟ್ಟಿದರು. ನೀರೊಳಗೆ ಮಾತಿಲ್ಲ, ಎಲ್ಲ ಕೈಸನ್ನೆ. ಮೇಲೆ ಹೋಗಬೇಕೆಂದರೆ ಹೆಬ್ಬೆರಳು, ಗಾಳಿ ಕಮ್ಮಿಯಾದರೆ ಮುಷ್ಟಿ ಎಂದು ಬೆಳಿಗ್ಗೆಯಷ್ಟೇ ಕಲಿಸಿದ್ದಳು. ಮೇಷ್ಟ್ರು ಅದ್ಯಾವುದನ್ನೂ ತೋರಿಸಲಿಲ್ಲ. ಕಿರುಬೆರಳು ಎತ್ತಿ, ತಲೆ ತಗ್ಗಿಸಿ, ಅಪ್ಪಣೆಗೆ ಕಾದರು. ಜೀವಮಾನವಿಡೀ ಮಕ್ಕಳ ಕಿರುಬೆರಳು ನೋಡಿ 'ಕೂತ್ಕೋ, ಪಾಠ ಮುಗೀಲಿ' ಎಂದಿರಬಹುದಾದ ಮನುಷ್ಯ!

ನಗು ಉಕ್ಕಿ, ಮೂಗನ್ನೂ ಮುಚ್ಚುವ ಅವಳ ಮುಳುಗು-ಕನ್ನಡಕದೊಳಗೆ ನೀರು ನುಗ್ಗಿತು. ಮೂಗಿನಿಂದ ಊದಿ ಅದನ್ನು ಹೊರಗೆ ಹಾಕಿ, ಹೆಬ್ಬೆರಳು ತೋರುಬೆರಳು ಕೂಡಿಸಿ 'ಆಗಲಿ' ಎಂದಳು. ಮೇಷ್ಟ್ರ ಭುಜಗಳು ನಿಧಾನಕ್ಕೆ ಇಳಿದವು. ಆಮೇಲೆ, ಏನನ್ನಿಸಿತೋ, ಅವಳೂ ಕಿರುಬೆರಳು ಎತ್ತಿದಳು. ಮೇಷ್ಟ್ರು ಗಂಭೀರವಾಗಿ ತಲೆ ಆಡಿಸಿ ಅಪ್ಪಣೆ ಕೊಟ್ಟರು.

ಹೊಟ್ಟೆಯಿಂದ ತೊಡೆಗೆ, ಬೆನ್ನಿಗೆ ಬಿಸಿ ಹರಿಯಿತು. ಅಷ್ಟು ವರ್ಷ ಆ ಚಳಿಯಲ್ಲಿ ದುಡಿದವಳ ಮೈ ಮೊದಲ ಸಲ ಬೆಚ್ಚಗಾಯಿತು.

ಮಧ್ಯಾಹ್ನ ತೊಟ್ಟಿಯ ಬಳಿ ಅಮ್ಮ ಎಂದಿನಂತೆ ಸೂಟು ತಿರುವಿ ಮೂಗಿಗೆ ಹಿಡಿದಳು. ಹೇಳಲು ತೆರೆದ ಬಾಯಿ ಹಾಗೇ ಮುಚ್ಚಿತು. ಮಗಳ ಮುಖ ನೋಡದೆ ಸೋಪು ಹಚ್ಚಿ ತೊಳೆದು, ಗೋಡೌನಿನ ಕತ್ತಲೆ ಮೂಲೆಯ ಮೊಳೆಗೆ ತೂಗುಹಾಕಲು ಹೊರಟಳು.

"ಅಲ್ಲಿ ಬೇಡಮ್ಮ. ಎಲ್ಲರ ಸೂಟಿನ ಜೊತೆ ಬೀದಿ ಕಡೆನೇ ಹಾಕು."

ಅಮ್ಮ ನಿಂತಳು. ಸೂಟಿನಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. "ನೀನಿನ್ನೂ ಅದನ್ನ ಮರೆತಿಲ್ವೇನೆ?"

"ಇಲ್ಲ."

"ನೀರು ಕುಡೀದೆ ಕಲ್ಲು ಮಾಡ್ಕೊಂಡಿದ್ದು... ಅದಕ್ಕೇನಾ?"

ಮಗಳು ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತು ಹೂಂ ಎಂದು ತಲೆ ಆಡಿಸಿದಳು. ಅಮ್ಮ ಹೋಗಿ ಸೂಟನ್ನು ಬೀದಿ ಕಡೆಯ ಹಗ್ಗಕ್ಕೆ ಹಾಕಿದಳು. ಬರುವಾಗ ಅವಳ ಕೈಯಲ್ಲಿ ಒಂದು ಚೊಂಬು ನೀರಿತ್ತು.

"ಕುಡಿ," ಎಂದಳು. "ಒಗೆಯೋಕೆ ನಾನಿದ್ದೀನಿ."