ಹೊಲಿಗೆಯಿರುವ ಟೋಪಿ

ಈಗಲೇ ಹೇಳಿಬಿಡಲೇ, ಅಥವಾ ಜನ ಹೋದಮೇಲೆ ಹೇಳಿದರೆ ಸಾಕೇ? ಹೇಳಿದರೆ ಅಮ್ಮ ಈ ಕುರ್ಚಿಯಿಂದ ಎದ್ದು ಹೋಗುತ್ತಾಳೆ. ಹೇಳದಿದ್ದರೆ ಯಾರದೋ ಟೋಪಿಗಳನ್ನು ತನ್ನವೆಂದುಕೊಂಡು ಸಂಜೆಯವರೆಗೂ ನಗುತ್ತಾ ಕೂತಿರುತ್ತಾಳೆ.

ಕಿರಿಯ ಮಗ ರಾಟೆಯ ಹಲಗೆ ತುಳಿಯುತ್ತಾ ಬೆಳಗಿನಿಂದ ಇದನ್ನೇ ಯೋಚಿಸುತ್ತಿದ್ದ. ಬೆರಳ ನಡುವೆ ಉಣ್ಣೆ ಜಿಡ್ಡುಜಿಡ್ಡಾಗಿ ಜಾರುತ್ತಿತ್ತು. ಅದಕ್ಕೆ ಅಂಟಿದ ಹಿಕ್ಕೆ, ಅದರ ಕಮಟು, ಇದೆಲ್ಲ ಅವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಸಹಿಸಲಾಗದ್ದು ಅಣ್ಣನ ಮೈಕು.

“ಬನ್ನಿ, ಬನ್ನಿ! ನಮ್ಮ ತೋಟದ ಕುರಿ, ನಮ್ಮ ತಮ್ಮನ ನೂಲು, ನಮ್ಮಮ್ಮನ ಹೆಣಿಗೆ! ಅಂಗಡಿ ಮಾಲಲ್ಲ ಸ್ವಾಮೀ, ಹೆತ್ತ ತಾಯಿ ಕೈಯಿಂದ ಬಂದದ್ದು!”

ಮಾಲು ಬಂದದ್ದು ಮೊನ್ನೆ, ಕಾರ್ಖಾನೆಯಿಂದ, ಪ್ಲಾಸ್ಟಿಕ್ ಚೀಲಗಳಲ್ಲಿ. ಅತ್ತಿಗೆ ಕೂತು ಟೋಪಿಗಳ ಒಳಗಿನ ಕಂಪನಿ ಚೀಟಿಗಳನ್ನೆಲ್ಲ ಕತ್ತರಿಸಿದ್ದಳು. ಇನ್ನೊಂದು ಕತ್ತರಿ ಇವನ ಕೈಯಲ್ಲೇ ಇತ್ತು.

ವರ್ಷಕ್ಕೊಂದು ದಿನ ತೋಟದ ಗೇಟು ತೆರೆದು ಊರವರನ್ನೆಲ್ಲ ಕರೆಯುತ್ತಾರೆ. ಅದಕ್ಕಾಗಿ ಅಮ್ಮ ಚಳಿಗಾಲವಿಡೀ, ಮಂಜಾದ ಕಣ್ಣಲ್ಲೇ, ಟೋಪಿ ಹೆಣೆದಿದ್ದಳು. ಎಳೆ ಮುಗಿದರೆ ಅವಳು ಗಂಟು ಹಾಕುವುದಿಲ್ಲ. ಎರಡೂ ತುದಿಗಳಿಗೆ ಎಂಜಲು ಹಚ್ಚಿ, ಬಿಸಿಯಾಗುವಂತೆ ಅಂಗೈಯಲ್ಲಿ ಉಜ್ಜಿ ಒಂದು ಮಾಡುತ್ತಾಳೆ. ಎಳೆದರೂ ಕಿತ್ತುಬರುವುದಿಲ್ಲ. ಹೋದ ವರ್ಷ ಅದನ್ನು ಕಂಡ ಗಿರಾಕಿಯೊಬ್ಬಳು ತನ್ನ ತಲೆಯ ಮೇಲಿದ್ದ ಟೋಪಿಯನ್ನು ಕಿತ್ತು, ಇಲಿ ಹಿಡಿದವಳಂತೆ ಮೇಜಿನ ಮೇಲೆ ಎಸೆದಿದ್ದಳು.

“ಎಂಜಲು ಟೋಪಿ ಯಾರು ಹಾಕ್ಕೋತಾರೋ?” ಎಂದ ಅಣ್ಣ, ಈ ವರ್ಷ ಅಮ್ಮನ ಟೋಪಿಗಳನ್ನೆಲ್ಲ ಕುರಿಮರಿಗಳ ಕೆಳಗೆ ಹಾಸಿಬಿಟ್ಟ. “ಮರಿಗಳಾದ್ರೂ ಬೆಚ್ಚಗಿರ್ಲಿ. ಅಮ್ಮಂಗೇನು ಕಾಣ್ಸುತ್ತಾ?”

ಆಗ ಇವನು ಪಕ್ಕದಲ್ಲೇ ಇದ್ದ.

ಮಗು ಎತ್ತಿಕೊಂಡ ಹೆಂಗಸೊಬ್ಬಳು ಟೋಪಿಯೊಂದನ್ನು ಆರಿಸಿ ಅಮ್ಮನ ಮಡಿಲಲ್ಲಿಟ್ಟಳು. “ಅಜ್ಜೀ, ಇದು ಎಷ್ಟು ದಿನದ ಕೆಲಸ?”

ಅಮ್ಮ ನಗುತ್ತಲೇ ಅದರೊಳಗೆ ಕೈ ಹಾಕಿದಳು. ಬೆರಳುಗಳು ಒಂದು ಸುತ್ತು ಹೋಗಿ ಒಂದು ಕಡೆ ನಿಂತವು. ಅಲ್ಲೇ ಮೇಲಿನಿಂದ ಕೆಳಗೆ ಹರಿದು ಮತ್ತೆ ನಿಂತವು. ಮೈಕು ಸುಮ್ಮನಾಯಿತು. ರಾಟೆಯೂ.

“ನಿಮ್ಮದೇ ತಾನೇ ಅಜ್ಜೀ?”

“ನನ್ನದೇ ಕಣಮ್ಮ. ಮೂರು ದಿನ ಹಿಡೀತು. ಮಗೂಗೆ ಕಿವಿ ಮುಚ್ಚೋ ಹಾಗೆ ಹಾಕು.”

“ಕೇಳಿದ್ರಲ್ಲಾ!” ಎಂದು ಅಣ್ಣ ಮೈಕಿನಲ್ಲೇ ನಕ್ಕ. ಆ ನಗು ಎಣ್ಣೆ ಸವರಿದ ಹಾಗಿತ್ತು.

ಹೆಂಗಸು ಹೋದಮೇಲೆ ಅಮ್ಮ ಕುರ್ಚಿಯನ್ನು ರಾಟೆಯ ಹತ್ತಿರಕ್ಕೆ ಎಳೆದುಕೊಂಡಳು.

“ಅದಕ್ಕೆ ಹೊಲಿಗೆ ಇದೆ ಕಣೋ,” ಎಂದು ಪಿಸುಗುಟ್ಟಿದಳು. “ನಾಲ್ಕು ಕಡ್ಡೀಲಿ ಸುತ್ತ ಹೆಣೆಯೋಳು ನಾನು. ನನ್ನ ಟೋಪಿಗೆ ಹೊಲಿಗೆ ಎಲ್ಲಿಂದ ಬರ್ಬೇಕು?”

“ಅಮ್ಮಾ...”

“ಶ್! ನಿಮ್ಮಣ್ಣಂಗೆ ಏನೂ ಅನ್ಬೇಡ. ಇಷ್ಟು ಜನದ ಮುಂದೆ ಅವನ ಮಾನ ಹೋಗುತ್ತೆ. ನನ್ನವು ಎಲ್ಲಿ ಹೋದ್ವು ಅಂತಾನೂ ಕೇಳಲ್ಲ, ಬಿಡು.” ಅವನ ಜಿಡ್ಡುಗೈಯನ್ನು ತಡವಿ ಹಿಡಿದುಕೊಂಡಳು. “ನೀನ್ಯಾಕೋ ರಾಟೆ ನಿಲ್ಲಿಸಿಬಿಟ್ಟೆ? ನೀನು ಪಾಪ, ರಾಟೆ ಬಿಟ್ರೆ ಲೋಕವೇ ಗೊತ್ತಿಲ್ಲದವನು. ಗೊತ್ತಿದ್ದಿದ್ರೆ ನಂಗೆ ಹೇಳ್ದೆ ಇರ್ತಿದ್ಯಾ?”

ಮಕ್ಕಳ ಹೊಸ ಗುಂಪೊಂದು ಬಂದು ಸುತ್ತ ನಿಂತಿತು. ಅವನು ಕೈ ಬಿಡಿಸಿಕೊಂಡು ಹಲಗೆ ತುಳಿದ.

ತನಗೆ ಮೊದಲೇ ಗೊತ್ತಿತ್ತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.